ಒಂದೇ ಮಗ್ಗುಲಿನ ಗೋಡೆ

ಶಾಲೆಗೆ ಹೊರಡುವ ಮೊದಲು ದುರ್ಗಾ, ಗೋಡೆಗೆ ಅಂಟಿಸಿದ ಕಾಗದ ಕೀಳಲೆಂದು, ಬಿಸಿನೀರಿನ ಬಕೆಟ್ಟನ್ನು ತಂದು ಖೋಲಿಯ ಬಾಗಿಲಲ್ಲಿಟ್ಟಳು. ಅದರಲ್ಲಿ ಬೆರಳು ಅದ್ದಿ ನೋಡಿ, "ಇಷ್ಟ ಬೆಚ್ಚಗಿದ್ರ ಸಾಕ್ರಿ. ಸುಡೂ ನೀರು ಬ್ಯಾಡ, ಬೋರ್ಡು ಹೀರಿಕೊಂಡುಬಿಡ್ತೈತಿ" ಎಂದಳು. ಆ ಮಾತು ಅವಳದಲ್ಲವೆಂದು ಗಂಡ ಫಕೀರೇಶನಿಗೆ ತಕ್ಷಣ ಗೊತ್ತಾಯಿತು. ಮಕ್ಕಳಿಗೆ ಮಗ್ಗಿ ಹೇಳಿಕೊಡುವ, ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ತಾನೇ ಗೊಣಗಿಕೊಳ್ಳುವ ದುರ್ಗಾಳ ಮಾತಿನ ಧಾಟಿ ಅದಲ್ಲ. ಯಾರೋ ಕೈ ಒರೆಸಿಕೊಳ್ಳುತ್ತ, ಅರ್ಧ ಬೆನ್ನು ತಿರುಗಿಸಿಕೊಂಡು, ಕೆಲಸದ ನಡುವೆ ಹೇಳಿದ ಮಾತು ಅದು. ಅವಳು ಅದನ್ನು ಇಷ್ಟು ವರ್ಷ ಒಡೆಯದಂತೆ ಇಟ್ಟುಕೊಂಡಿದ್ದಾಳೆ. "ಮೊದಲ ಮ್ಯಾಲಿನ ಉಬ್ಬು ಪದರ ಒಣದ ಇದ್ದಾಗ ಎಳೀರಿ. ನೆಟ್ಟಗ ಜಗ್ಗಬ್ಯಾಡ್ರಿ, ಗ್ವಾಡಿಗೆ ಅಗದಿ ಹತ್ತಿ ಮಲಗಿಸಿದಂಗ ಎಳೀಬೇಕು. ಒಳಗ ಒಂದು ತೆಳ್ಳನ ಕಾಗದ ಉಳೀತೈತಿ, ಅದಕ್ಕಷ್ಟ ನೀರು. ಹೊಡದು ಸುಮ್ಮನ ಕುಂದರ್ರಿ. ಅದು ತಾನ ಬಿಡ್ತೈತಿ. ಅದರ ಕೆಳಗ ಕಂದು ಕಾಗದ ಕಂಡ್ರ ಅಲ್ಲಿಗೆ ನಿಲ್ಲಸ್ರಿ, ಅದು ಬೋರ್ಡಿನ ಮೈ ಚರ್ಮ. ಅದು ಕಿತ್ರ ಮುಗೀತು, ಒಳಗಿನ ಸುಣ್ಣ ಉದರ್ತೈತಿ. ಪ್ರೈಮರ್ ಹೊಡದಿಲ್ಲ, ಸೀದಾ ಅಂಟಿಸ್ಯಾರ."

ಅಂಟಿಸ್ಯಾರ. ಯಾರು ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನ ಎದುರಿಗೆ ಅವಳು ತೀರಿಕೊಂಡ ಮೊದಲ ಗಂಡ ಭೀಮೇಶನ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಹೆಸರು ಎತ್ತಿದ್ದರೆ ಎಷ್ಟೋ ಚಲೋ ಇತ್ತು. ಹೆಸರಿದ್ದರೆ ಅದಕ್ಕೊಂದು ಆಕಾರ ಬರುತ್ತದೆ, ಅದನ್ನು ಎದುರಿಗೆ ಕೂರಿಸಿಕೊಂಡು ನೋಡಬಹುದು. ಈ "ಅಂಟಿಸ್ಯಾರ", "ಅಂದಿದ್ರು", "ಅವರು" ಎಂಬ ಬಹುವಚನದಲ್ಲಿ ಅವನು ಮನೆಯ ತುಂಬ ಹಬ್ಬಿಬಿಟ್ಟಿದ್ದ. ಬಸುರಿ ಹೆಂಡತಿ ತುಂಬಿದ ಬಕೆಟ್ಟು ಎತ್ತಿ ತಂದಳಲ್ಲ, ಬೈಯಬೇಕಿತ್ತು ಎಂದು ಫಕೀರೇಶನಿಗೆ ಹೊಳೆದದ್ದು ಅವಳ ಸ್ಕೂಟಿ ತಂಬೂರಿನ ರಸ್ತೆಗೆ ತಿರುಗಿ ಸದ್ದು ಸಣ್ಣದಾದ ಮೇಲೆ. ಐದು ತಿಂಗಳ ಹೊಟ್ಟೆ ಹೊತ್ತು ಅವಳು ಆ ಬಕೆಟ್ಟು ಎತ್ತುವಾಗ ತಾನು ನೋಡಿದ್ದು ಅವಳ ಬೆರಳುಗಳನ್ನು. ನೀರಿನ ಬಿಸಿ ನೋಡುವುದನ್ನು ಆ ಬೆರಳುಗಳಿಗೆ ಕಲಿಸಿದವನನ್ನು.

ಮಿಶ್ರಿಕೋಟಿಯ ಈ ಮನೆಗೆ ಅವನು ಬಂದದ್ದು ಮೂರು ವರ್ಷದ ಕೆಳಗೆ. ಬಮ್ಮಿಗಟ್ಟಿಯವನು, ಇಲ್ಲಿಯ ದನದ ದವಾಖಾನೆಯಲ್ಲಿ ಪಶು ಪರೀಕ್ಷಕ. ವಯಸ್ಸು ಮೀರುವ ತನಕ ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ ಹೇಳಲು ದೊಡ್ಡ ಕಾರಣವೇನೂ ಇರಲಿಲ್ಲ. ತಂಗಿಯರ ಮದುವೆ, ಅಪ್ಪನ ಕಾಯಿಲೆ, ಒಂದಾದ ಮೇಲೊಂದು, ಅಷ್ಟೆ. ದುರ್ಗಾ ಗಂಡ ಸತ್ತವಳು. ಅವಳನ್ನು ಉಡಿಕಿ ಮದುವೆ ಮಾಡಿಕೊಳ್ಳುತ್ತೀಯಾ ಎಂದು ಹಿರಿಯರು ಕೇಳಿದಾಗ, ದನಗಳಿಗೆ ಲಸಿಕೆ ಹಾಕಲು ಹೋದ ದಿನ ಶಾಲೆಯ ಪಡಸಾಲೆಯಲ್ಲಿ ಮಕ್ಕಳ ಉಗುರು ಕತ್ತರಿಸುತ್ತ ಕೂತಿದ್ದ ಅವಳನ್ನು ನೆನೆದು ಅವನು ಒಂದೇ ಮಾತಿಗೆ ಹೂಂ ಎಂದಿದ್ದ. ಅವಳದೊಂದು ಷರತ್ತಿತ್ತು. ಭೀಮೇಶನ ತಾಯಿ ತಾಯವ್ವನನ್ನು ಬಿಟ್ಟು ಬರುವುದಿಲ್ಲ. ಇರುವುದಾದರೆ ಈ ಮನೆಯಲ್ಲೇ. ಆಗ ಅದು ಅವನಿಗೆ ದೊಡ್ಡ ಗುಣವಾಗಿ ಕಂಡಿತ್ತು. ಈಗಲೂ ನಾಲ್ಕು ಜನರೆದುರು ಅದನ್ನು ಗುಣವೆಂದೇ ಹೇಳುತ್ತಾನೆ. ಆದರೆ ಗುಣವೆಂದು ಒಪ್ಪಿಕೊಂಡದ್ದರ ಜೊತೆ ದಿನವೂ ಉಣ್ಣುವುದು, ಮಲಗುವುದು ಬೇರೆ. ಊರಿನವರಿಗೆ ಇದು ಇನ್ನೂ ಭೀಮೇಶನ ಮನೆಯೇ. ಎಮ್ಮೆಗೆ ಔಷಧ ಬೇಕಾದ ಹುಡುಗರು ಕೂಡ "ಭೀಮಣ್ಣನ ಮನ್ಯಾಗಿನ ಡಾಕ್ಟರ್" ಎಂದೇ ಅವನನ್ನು ಕರೆಯುತ್ತಿದ್ದರು. ಅದರಲ್ಲಿ ಕೆಟ್ಟತನವಿರಲಿಲ್ಲ ಎಂಬುದೇ ಅವನ ಕಷ್ಟ.

ಭೀಮೇಶ ಹುಬ್ಬಳ್ಳಿಯಲ್ಲಿ ಜಿಪ್ಸಮ್ ಬೋರ್ಡಿನ ಕೆಲಸ ಮಾಡುತ್ತಿದ್ದ. ಅಂಗಡಿಗಳಿಗೆ, ದವಾಖಾನೆಗಳಿಗೆ ಫಾಲ್ಸ್ ಸೀಲಿಂಗು, ನಡುಗೋಡೆ ಕಟ್ಟುವವನು. ಒಂದೇ ಪಡಸಾಲೆಯಿದ್ದ ತನ್ನ ಮನೆಯನ್ನೂ ಹಾಗೆಯೇ ಎರಡು ಮಾಡಿದ್ದ: ಆಚೆ ತಾಯಿ, ಈಚೆ ತಾನು, ಹೆಂಡತಿ. ಲೋಹದ ಚೌಕಟ್ಟು ನಿಲ್ಲಿಸಿ ಈಚೆ ಮಗ್ಗುಲಿಗೆ ಬೋರ್ಡು ಹೊಡೆದು, ಅದರ ಮೇಲೆ ಕೆನೆ ಬಣ್ಣದ, ಉಬ್ಬಿದ ಬಳ್ಳಿಗಳ ಕಾಗದ ಅಂಟಿಸಿದ. ಆಚೆ ಮಗ್ಗುಲಿಗೆ ಬೋರ್ಡು ಹೊಡೆಯುವಷ್ಟರಲ್ಲಿ ಹಾಸಿಗೆ ಹಿಡಿದ, ಏಳಲಿಲ್ಲ. ಹೀಗಾಗಿ ಆ ಗೋಡೆಗೆ ಒಂದೇ ಮಗ್ಗುಲು. ತಾಯವ್ವನ ಕಡೆಯಿಂದ ನೋಡಿದರೆ ಬೋರ್ಡಿನ ಬೂದು ಬೆನ್ನು, ಬೆತ್ತಲೆ ಚೌಕಟ್ಟು. ಮುದುಕಿ ಆ ಚೌಕಟ್ಟಿಗೆ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಿದ್ದಳು, ತೂತುಗಳಲ್ಲಿ ಎಲೆಯಡಿಕೆಯ ಚೀಲ, ಬುದ್ಧನ ಚಿತ್ರದ ಕ್ಯಾಲೆಂಡರು, ಬಾಚಣಿಗೆ ಸಿಗಿಸುತ್ತಿದ್ದಳು. ಅರ್ಧ ಬೆರಳು ದಪ್ಪದ ಬೋರ್ಡು. ಈಚೆ ಫಕೀರೇಶ ಹೊರಳಿದರೆ ಆಚೆ ಅವಳಿಗೆ ಕೇಳುತ್ತದೆ. ಆಚೆ ಅವಳು ನಿಟ್ಟುಸಿರುಬಿಟ್ಟರೆ ಈಚೆ ಅವನ ಕೈ ದುರ್ಗಾಳ ಸೊಂಟದ ಮೇಲೆ ಹಾಗೆಯೇ ನಿಲ್ಲುತ್ತದೆ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಯೊಡನೆ ಪಿಸುಮಾತಿನಲ್ಲೇ ಮಾತಾಡಿದ. ಆಮೇಲೆ ಹೊಲದ ವಿಷಯ, ಹಾಲಿನ ವಿಷಯ ಮಾತಾಡುವಾಗಲೂ ಪಿಸುಮಾತೇ ರೂಢಿಯಾಗಿ, ತನ್ನ ದನಿಯೇ ತನಗೆ ಕಳ್ಳನ ದನಿಯಂತೆ ಕೇಳತೊಡಗಿತು.

ಹೋದ ಮಳೆಗಾಲದಲ್ಲಿ ಕಿಟಕಿಯ ಸಂದಿಯಿಂದ ನೀರು ಇಳಿದು ಕಾಗದದ ಕೆಳಗಿನ ಮೂಲೆ ಕಪ್ಪಾಯಿತು. ಬೂಷ್ಟು ಹಿಡಿಯಿತು. ದುರ್ಗಾಳಿಗೆ ಬಸುರಿನ ವಾಕರಿಕೆ ಶುರುವಾದ ಮೇಲೆ ಆ ವಾಸನೆ ತಡೆಯಲಾಗದೆ ಅವಳು ಆಚೆ ತಾಯವ್ವನ ಬಾಜು ಹಾಸಿಕೊಂಡಳು. "ಕಾಗದ ಕಿತ್ತು ಸುಣ್ಣ ಬಳದ ಮ್ಯಾಲ ಬರ್ತೀನ್ರಿ" ಎಂದಳು, ಅಷ್ಟೆ, ಅದರಲ್ಲಿ ಏನೂ ಇರಲಿಲ್ಲ. ಆದರೆ ಆವತ್ತಿನಿಂದ ಫಕೀರೇಶ ಆ ಉಬ್ಬು ಬಳ್ಳಿಗಳಿಗೆ ಮುಖಮಾಡಿ ಒಬ್ಬನೇ ಮಲಗಿದ. ಆಚೆಯಿಂದ ಇಬ್ಬರು ಹೆಂಗಸರ ಸಣ್ಣ ಮಾತು, ನಡುನಡುವೆ ನಗು. ಮಾತಿನ ಏರಿಳಿತ ಕೇಳುತ್ತದೆ, ಮಾತು ಕೇಳುವುದಿಲ್ಲ. ಒಂದು ಸಲ ದುರ್ಗಾ ಜೋರಾಗಿ ನಕ್ಕಳು. ಮೂರು ವರ್ಷದಲ್ಲಿ ತನ್ನೆದುರು ಹಾಗೆ ನಕ್ಕದ್ದನ್ನು ನೆನಪು ಮಾಡಿಕೊಳ್ಳಲು ಅವನು ಬಹಳ ಹೊತ್ತು ಪ್ರಯತ್ನಿಸಿದ. ಅವರಿಬ್ಬರಿಗೂ ಗೊತ್ತಿರುವವನು ಒಬ್ಬನಿದ್ದಾನೆ, ತನಗೆ ಗೊತ್ತಿಲ್ಲದವನು. ಅವನು ಆಚೆ ಅವರ ನಡುವೆ ಕಾಲು ಚಾಚಿ ಕೂತಿದ್ದಾನೆ, ತಾನು ಮಾತ್ರ ಅವನು ಅಂಟಿಸಿದ ಕಾಗದದ ಜೊತೆ ಹೊರಗಿದ್ದೇನೆ ಎಂದು ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ಬೆರಳಿಂದ ಒಂದು ಎಲೆಯ ಉಬ್ಬನ್ನು ಉಗುರೊತ್ತಿ ಚಪ್ಪಟೆ ಮಾಡಿದ್ದ. ಬೆಳಿಗ್ಗೆ ನೋಡಿದರೆ ಎಲೆ ಮತ್ತೆ ಉಬ್ಬಿ ನಿಂತಿತ್ತು.

ಇವತ್ತು ರಜೆ ಹಾಕಿ ಅದನ್ನು ಕೀಳಲು ನಿಂತಾಗ ಅವನಲ್ಲಿ ಒಂದು ಗುಟ್ಟಿನ ಹುರುಪಿತ್ತು. ಮೇಲಿನ ಅಂಚಿಗೆ ತಗಡು ತೂರಿಸಿ ಬಿಡಿಸಿದ. ತುದಿ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು, ಅವಳು ಹೇಳಿದಂತೆ ಗೋಡೆಗೆ ಮಲಗಿಸಿ ಎಳೆದರೆ ಬಳ್ಳಿಯ ಪದರ ಸರ್ರನೆ ಒಂದು ಮೊಳ ಇಳಿದು ಬಂತು. ಚಟ್ಟನೆ ಜಗ್ಗಿ ಹರಿದುಹಾಕುವ ಆಸೆಯನ್ನು ತಡೆದುಕೊಂಡ. ಕರು ಹಾಕಿದ ಮೇಲೆ ಮಾಸು ಬೀಳದೆ ನಿಂತ ಎಮ್ಮೆಗಳ ಹೊಟ್ಟೆಯೊಳಗೆ ಮೊಳಕೈ ತನಕ ಕೈ ತೂರಿಸಿ ಅದನ್ನು ಬಿಡಿಸುವುದು ಅವನಿಗೆ ಗೊತ್ತಿದ್ದ ಕೆಲಸ. ಅಲ್ಲಿಯೂ ಜಗ್ಗುವ ಹಾಗಿಲ್ಲ. ಅಂಗಿಯ ಗುಂಡಿ ಒಂದೊಂದೇ ಬಿಚ್ಚಿದಂತೆ, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ನೋಡುತ್ತ ಬಿಡಿಸಬೇಕು. ಹರಿದರೆ ಒಳಗೆ ಕೊಳೆಯುತ್ತದೆ. ಆ ನೆನಪು ಬಂದ ಮೇಲೆ ಕೈಗೆ ಹದ ಸಿಕ್ಕಿತು. ಇದನ್ನು ನಾನು ಭೀಮೇಶನಿಂದ ಕಲಿತದ್ದಲ್ಲ, ನನ್ನ ಎಮ್ಮೆಗಳಿಂದ ಕಲಿತದ್ದು ಎಂದು ಯಾರಿಗೋ ಹೇಳಿದಂತೆ ಮನಸ್ಸಿನಲ್ಲೇ ಹೇಳಿಕೊಂಡ. ಹೇಳಿದ್ದು ಯಾರಿಗೆಂದು ಹೊಳೆದು ಬೇಸರವಾಯಿತು.

ಹರಿದು ಬಿದ್ದ ಪಟ್ಟಿಗಳನ್ನು ತಾಯವ್ವ ಬಂದು ಆಯತೊಡಗಿದಳು. ಮೊದಲು ಅವನು ಗಮನಿಸಲಿಲ್ಲ. ಸ್ಟೂಲಿನಿಂದ ಇಳಿದಾಗ ನೋಡಿದರೆ ಮುದುಕಿ ಹೊಸ್ತಿಲಲ್ಲಿ ಕೂತು, ಒಂದೊಂದೇ ಪಟ್ಟಿಯನ್ನು ತೊಡೆಯ ಮೇಲೆ ಹರಡಿ, ಅಂಗೈಯಿಂದ ತೀಡಿ, ಬಳ್ಳಿ ಒಳಮುಖವಾಗುವಂತೆ ಮಡಚಿ ಇಡುತ್ತಿದ್ದಾಳೆ. ಸತ್ತವರ ಬಟ್ಟೆ ಮಡಚುವ ಹಾಗೆ. ಕಿತ್ತರೂ ಹೋಗುವುದಿಲ್ಲ ಭೀಮೇಶ. ಗೋಡೆಯಿಂದ ಇಳಿದು ಟ್ರಂಕಿನಲ್ಲಿ ಮಲಗುತ್ತಾನೆ.

"ಅದ್ಯಾಕ ಆರಸಾಕ್ಹತ್ತೀಬೇ ಯವ್ವಾ? ಬೂಷ್ಟು ಹಿಡದೈತಿ. ಹೊರಗ ಒಯ್ದು ಸುಟ್ಟ ಬಿಡ್ತೀನಿ, ಬಿಡು."

"ಸುಡಬ್ಯಾಡಪಾ, ನಾತ ಹೊಡೀತೈತಿ, ಪ್ಲಾಸ್ಟಿಕ್ ಅದು."

"ಮತ್ತ ಏನ ಮಾಡ್ತಿ?"

ಬೇಡವೆಂದರೂ ಅವನ ದನಿ ಏರಿತ್ತು. ತಾಯವ್ವ ತಲೆಯೆತ್ತಿ ನೋಡಿದಳು. "ಕುಳ್ಳಿನ ಒಟ್ಟಲಿಗೆ ಹೊಚ್ಚತೀನಿ. ಮಳಿ ನೀರು ಇಳಿಯೂದಿಲ್ಲ. ಎಷ್ಟ ದಪ್ಪ ಐತಿ ನೋಡು" ಎಂದು ಒಂದು ಪಟ್ಟಿಯನ್ನು ಎತ್ತಿ ಅಲ್ಲಾಡಿಸಿದಳು. ಅದು ತಗಡಿನಂತೆ ಸದ್ದು ಮಾಡಿತು.

ಕುಳ್ಳಿಗೆ. ಸಗಣಿಯ ಕುಳ್ಳಿಗೆ. ಅವನಿಗೆ ಮುಖ ಬಿಸಿಯಾಯಿತು. ಸ್ಟೂಲು ಹತ್ತಿ ಗೋಡೆಗೆ ಮುಖಮಾಡಿ ನಿಂತ. ತಾನು ಅವಳಲ್ಲಿ ಕಂಡ ದುಃಖ ಅವಳದಾಗಿರಲಿಲ್ಲ, ತಾನೇ ತಂದು ಅವಳ ತೊಡೆಯ ಮೇಲೆ ಇಟ್ಟದ್ದು. ಹಾಗಾದರೆ ದುರ್ಗಾಳ ಮಾತುಗಳೂ ಹಾಗೆಯೇ ಇರಬಹುದಲ್ಲ. ಬೆಚ್ಚಗಿನ ನೀರು ಎಂದರೆ ಬೆಚ್ಚಗಿನ ನೀರು, ಅಷ್ಟೆ. ಈ ವಿಚಾರ ಅವನಿಗೆ ಸ್ವಲ್ಪ ಹೊತ್ತು ಸಮಾಧಾನ ಕೊಟ್ಟಿತು. ಆಮೇಲೆ, ಮಗನ ಕೈಯ ಕೆಲಸವನ್ನು ಕುಳ್ಳಿಗೆ ಹೊಚ್ಚುವಷ್ಟು ಈಕೆ ನಿರುಮ್ಮಳವಾಗಿರುವುದು ಹೇಗೆ, ಬೇರೆ ಇನ್ನೇನೋ ದೊಡ್ಡದು ಇವರಲ್ಲಿ ಇದೆ, ಈ ಕಾಗದ ಅದರ ಮುಂದೆ ಏನೂ ಅಲ್ಲ ಎಂಬ ಹೊಸ ಹುಳ ಹರಿಯಿತು.

ಬಿಸಿಲು ಏರುವ ಹೊತ್ತಿಗೆ ಓಣಿಯ ತುದಿಯ ಲಕ್ಷ್ಮಣಪ್ಪ ಬಂದ. ಅವನ ಎಮ್ಮೆ ಮತ್ತೆ ಬೆದೆಗೆ ಬಂದಿತ್ತು, ಗಬ್ಬಕ್ಕೆಂದು ಫಕೀರೇಶ ಹಾಕಿದ ಸೂಜಿ ನಿಂತಿರಲಿಲ್ಲ. ಸಂಜೆ ಬಂದು ನೋಡ್ರಿ ಎಂದು ಹೇಳಲು ಬಂದವನು ಖೋಲಿಯೊಳಗೆ ಇಣುಕಿ ಹಣೆಗೆ ಕೈಯಿಟ್ಟುಕೊಂಡ.

"ಕಿತ್ತೇಬಿಟ್ರೇನ್ರಿ ಡಾಕ್ಟರ? ಛೇ. ಇದನ್ನ ನೋಡಾಕಂತ ಕಲಘಟಗಿಯಿಂದ ಮಂದಿ ಬಂದಿದ್ರು. ಭೀಮೇಶನ ಕೈ ಅಂದ್ರ ಕೈ ರೀ. ಒಂದು ಜೋಡ ಕಾಣತಿದ್ದಿಲ್ಲ. ಎಲ್ಲಿ ಬಳ್ಳಿ ಮುಗೀತು, ಎಲ್ಲಿ ಬಳ್ಳಿ ಸುರುವಾತು, ಹುಡುಕಿದ್ರ ಸಿಗತಿದ್ದಿಲ್ಲ."

"ಬೂಷ್ಟು ಹಿಡದಿತ್ತು" ಎಂದ ಫಕೀರೇಶ.

"ಹೌದ್ರಿ, ಹಿಡೀತೈತಿ. ನೋಡ್ಕೋಬೇಕಾಗಿತ್ತು." ಲಕ್ಷ್ಮಣಪ್ಪ ಗೋಡೆಯ ಹತ್ತಿರ ಬಂದು ಅಂಗೈಯಿಟ್ಟು ಸವರಿದ, ದನದ ಮೈ ಸವರಿದಂತೆ. "ಬೋರ್ಡು ಜ್ವಾಕಿ ರೀ ಮತ್ತ. ಇಂಥಾದ್ದು ಈಗ ಮಾಡವರಿಲ್ಲ." ಹೋಗುವಾಗ ಹೊಸ್ತಿಲಲ್ಲಿ ನಿಂತು, "ಎಮ್ಮಿ ಕಥಿ ಏನ್ರಿ ಹಂಗಾರ? ಎರಡನೇ ಸಲಾನೂ ನಿಲ್ಲಲಿಲ್ಲ ಅಂದ್ರ ನಿಮ್ಮ ಕೈಗುಣಾನೋ ಎಮ್ಮೀ ಗುಣಾನೋ" ಎಂದು ನಕ್ಕ. ಒಳ್ಳೆಯ ಮನುಷ್ಯ. ಅವನ ನಗುವಿನಲ್ಲೂ ಏನೂ ಇರಲಿಲ್ಲ. ಫಕೀರೇಶನೂ ನಕ್ಕ, ನಕ್ಕ ಬಾಯಿ ಅವನು ಹೋದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಉಳಿದಿತ್ತು. ಒಬ್ಬನ ಕೈ ಕೈ ಎನಿಸಿಕೊಂಡಿತು, ಇನ್ನೊಬ್ಬನ ಕೈಗೆ ಗುಣವಿದೆಯೋ ಇಲ್ಲವೋ ಎಮ್ಮೆ ಹೇಳಬೇಕು. ದುರ್ಗಾಳ ಹೊಟ್ಟೆ ಕಾಣತೊಡಗಿದಾಗಲೂ ಊರಿನವರು ಹೀಗೆಯೇ ಏನಾದರೂ ಆಡಿಕೊಂಡಿರಬಹುದು. ಭೀಮೇಶನಿಂದ ಆಗದ್ದು ತನ್ನಿಂದ ಆಯಿತು ಎಂದು ಅವನೇ ಒಂದು ದಿನ, ಒಂದು ಗಳಿಗೆ, ಮೈಯುಬ್ಬಿ ಅಂದುಕೊಂಡಿದ್ದ. ಸತ್ತವನ ಮೇಲೆ ಅಂಥ ಗೆಲುವು. ಆ ಗಳಿಗೆಯನ್ನು ನೆನೆದರೆ ಈಗಲೂ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ.

ಉಳಿದ ತೆಳುಕಾಗದಕ್ಕೆ ನೀರು ಸಿಂಪಡಿಸಿದ. ಬಕೆಟ್ಟಿನಲ್ಲಿ ದುರ್ಗಾ ಸೋಪಿನ ಪುಡಿ ಕದಡಿದ್ದಳು. ಗೋಡೆಯೆಲ್ಲ ಒಗೆದ ಬಟ್ಟೆಯ ವಾಸನೆ. ಕಾಗದ ನೆನೆದು ಕಪ್ಪಾಗಿ, ಗುಳ್ಳೆಗಳೆದ್ದು, ಸುಕ್ಕುಗಟ್ಟಿತು. ಕೂತು ಕಾದ. ಅದು ತಾನ ಬಿಡ್ತೈತಿ. ಬಿಟ್ಟಿತು. ತಗಡನ್ನು ಗೋಡೆಗೆ ಒರಗಿಸಿ ಮೆಲ್ಲಗೆ ದೂಡಿದರೆ ಮುದ್ದೆಮುದ್ದೆಯಾಗಿ ಜಾರಿ ಬಂತು, ಕೆಳಗೆ ಕಂದು ಚರ್ಮ ಗಾಯವಿಲ್ಲದೆ ಕಂಡಿತು. ಎಲ್ಲಿಯೂ ಒಂದು ಗೀರಿಲ್ಲ. ಇದು ಅವನಿಗೇ ಆಶ್ಚರ್ಯ. ತಾಯವ್ವ ಊಟಕ್ಕೆ ಕರೆದರೂ ಏಳಲಿಲ್ಲ. ಗೋಡೆಯ ನಡುಭಾಗಕ್ಕೆ ಬಂದಾಗ ತಗಡು ಏನಕ್ಕೋ ತಗಲಿ ನಿಂತಿತು. ಬೆರಳಾಡಿಸಿದ. ಎರಡು ಬೋರ್ಡು ಕೂಡುವ ಜಾಗದಲ್ಲಿ ಸಂದಿಗೆ ಮೆತ್ತಿದ ಪುಟ್ಟಿ ಹೆಗಲೆದ್ದು ನಿಂತಿದೆ. ಜೋಡಿನ ಮೇಲೆ ಅಂಟಿಸಿದ ಜಾಳಿಗೆಯ ಪಟ್ಟಿ ಸೊಟ್ಟ, ಒಂದು ಕಡೆ ಮಡಚಿಕೊಂಡು ಹಾಗೆಯೇ ಒಣಗಿದೆ. ಕೆಳಗೆ ಹೋದಂತೆ ಇನ್ನೂ ಕೆಟ್ಟದ್ದು: ಸ್ಕ್ರೂಗಳ ತಲೆ ಕೆಲವು ಹೊರಗೆ, ಕೆಲವು ಬೋರ್ಡನ್ನು ಸೀಳಿ ಒಳಗೆ, ಪುಟ್ಟಿ ಎಳೆದ ಕೈ ನಡುಗಿ ಅಲೆಅಲೆಯಾಗಿ, ನಡುವೆ ಬೆರಳಿನ ಗುರುತು.

ಫಕೀರೇಶ ಹಿಂದೆ ಸರಿದು ನಿಂತು ನೋಡಿದ. ಮೊದಲು ನಂಬಲಿಲ್ಲ. ಆಮೇಲೆ ಹೊಟ್ಟೆಯ ಆಳದಿಂದ ಒಂದು ಸಿಹಿ ಮೇಲೇರಿ ಬಂತು. ಜೋಡ ಕಾಣತಿದ್ದಿಲ್ಲ. ಹೇಗೆ ಕಾಣುತ್ತದೆ, ಮೇಲೆ ಬಳ್ಳಿ ಹಬ್ಬಿಸಿದರೆ. ಎಷ್ಟು ವರ್ಷ ಈ ಊರು ಇದನ್ನು ಹೊಗಳಿದೆ, ಎಷ್ಟು ದಿನ ತಾನು ಇದರ ಪಕ್ಕ ಮಲಗಿ ಕುಗ್ಗಿದ್ದೇನೆ. ಅವನಿಗೆ ಕುಣಿಯಬೇಕೆನಿಸಿತು, ಯಾರಿಗಾದರೂ ತೋರಿಸಬೇಕೆನಿಸಿತು. ಮನೆಯಲ್ಲಿ ಇದ್ದವಳು ಒಬ್ಬಳೇ.

"ಯವ್ವಾ, ಬಾ ಇಲ್ಲೆ. ನಿನ್ನ ಮಗನ ಕೆಲಸ ನೋಡ ಬಾ."

ಹಾಗೆ ಅವನು ಎಂದೂ ಅಂದವನಲ್ಲ. ತಾಯವ್ವ ಅಕ್ಕಿಯ ಮೊರ ಬದಿಗಿಟ್ಟು ಬಂದಳು. ಜೋಡಿನ ಮೇಲಿಂದ ಕೆಳಗಿನ ತನಕ ನೋಡಿದಳು. ಕೈ ಎತ್ತಿ, ಪುಟ್ಟಿಯಲ್ಲಿ ಒಣಗಿದ ಬೆರಳಿನ ಗುರುತನ್ನು ಮುಟ್ಟಿ, ಕೈ ಇಳಿಸಿದಳು.

"ಇದಕ್ಕ ಕೆಲಸ ಅಂತಾರ? ಇದನ್ನ ಮುಚ್ಚಾಕ ಬಳ್ಳಿ ಕಾಗದ. ಇಷ್ಟ ದಿನಾ ನಾನೂ ಖರೇ ಅಂತ ತಿಳದಿದ್ದೆ" ಎಂದ ಫಕೀರೇಶ.

"ನನಗ ಕಣ್ಣು ಮಂಜಾಗ್ಯಾವಪಾ" ಎಂದಳು ತಾಯವ್ವ. "ಏನೂ ಕಾಣೂದಿಲ್ಲ." ತಿರುಗಿ ಹೋಗಿ ಮೊರದ ಮುಂದೆ ಕೂತು ಅಕ್ಕಿಯಿಂದ ಸಣ್ಣ ಸಣ್ಣ ಕಲ್ಲುಗಳನ್ನು ಹೆಕ್ಕಿ ಹೊರಗೆಸೆಯತೊಡಗಿದಳು.

ಅವಳು ನೊಂದಳೆಂದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ ಸಿಹಿ ಇಳಿಯಲಿಲ್ಲ. ಉಳಿದ ಕಾಗದವನ್ನು ಇನ್ನಷ್ಟು ಜೋಪಾನವಾಗಿ ತೆಗೆದ. ಜೋಡಿನ ಮೇಲೆ ಒಂದು ಎಳೆ ಕಾಗದವೂ ಉಳಿಯದಂತೆ, ಒಂದು ಸೊಟ್ಟವೂ ಅಳಿಯದಂತೆ. ಒದ್ದೆ ಬಟ್ಟೆಯಿಂದ ಒರೆಸಿ ಅಂಟು ತೊಳೆದ. ಹೆಗಲೆದ್ದ ಪುಟ್ಟಿಯನ್ನು ತಿಕ್ಕಿ ಮಟ್ಟ ಮಾಡುವುದು ಸುಲಭವಿತ್ತು, ಮಾಡಲಿಲ್ಲ. ದುರ್ಗಾ ನೋಡಬೇಕು. ತಾನು ಏನೂ ಹೇಳುವುದಿಲ್ಲ. ಅವಳೇ ಬಂದು, ನಿಂತು, ನೋಡಿ, ಸುಮ್ಮನಾಗಬೇಕು. ಆಗ ತಾನು, ಹೋಗಲಿ ಬಿಡು, ಸರಿ ಮಾಡೂಣು ಎಂದು ದೊಡ್ಡವನಾಗಬೇಕು. ಆ "ಹೋಗಲಿ ಬಿಡು" ಎಂಬುದನ್ನು ಯಾವ ದನಿಯಲ್ಲಿ ಹೇಳುವುದೆಂದು ಮತ್ತೆ ಮತ್ತೆ ಹೇಳಿಕೊಂಡು ನೋಡಿದ. ಹೇಳಿಕೊಳ್ಳುವಾಗ ಪಿಸುಮಾತಲ್ಲ, ಗಟ್ಟಿ ದನಿಯೇ ಬಂತು. ಸ್ಕೂಟಿಯ ಸದ್ದು ಕೇಳಿದಾಗ ಕನ್ನಡಿಯಲ್ಲಿ ಮುಖ ನೋಡಿಕೊಂಡು ಹಣೆಯ ಮೇಲಿನ ಕಾಗದದ ಚೂರು ತೆಗೆದ.

ದುರ್ಗಾ ಚೀಲ ಹೆಗಲಲ್ಲಿಟ್ಟುಕೊಂಡೇ ಖೋಲಿಗೆ ಬಂದಳು. ಬೋಳಾದ ಗೋಡೆಯನ್ನು ನೋಡಿ ಕಣ್ಣರಳಿಸಿದಳು. "ಅಯ್ಯ, ಎಷ್ಟ ಚಂದ ತಗದೀರಿ. ಒಂದು ಕಡೆನೂ ಕಿತ್ತಿಲ್ಲ ನೋಡ್ರಿ" ಎಂದು ಹತ್ತಿರ ಹೋಗಿ ಕಂದು ಚರ್ಮದ ಮೇಲೆ ಕೈಯಾಡಿಸಿದಳು. ಅವನ ಎದೆ ಅರಳಿತು. ಇದೇ ಸಾಕಿತ್ತು. ಇಲ್ಲಿಗೇ ಸುಮ್ಮನಿದ್ದಿದ್ದರೆ ಆಗುತ್ತಿತ್ತೆಂದು ಅವನು ಆಮೇಲೆ ಬಹಳ ಸಲ ಅಂದುಕೊಳ್ಳಲಿದ್ದ. ಆದರೆ ಅವಳ ಕೈ ಜೋಡಿನ ಹತ್ತಿರ ಬಂದು ನಿಂತಿತ್ತು, ಅವನಿಗೆ ತಾಳ್ಮೆಯಿರಲಿಲ್ಲ.

"ಹೊಗಳಿದ್ದೇ ಹೊಗಳಿದ್ದು ಮಂದಿ. ಇದನ್ನ ನೋಡಿದ್ರ ಏನಂತಿದ್ರೋ. ಒಂದು ಸ್ಕ್ರೂ ನೆಟ್ಟಗ ಹೊಡದಿಲ್ಲ ಮನಶ್ಯಾ. ನಮ್ಮ ದವಾಖಾನಿ ಜವಾನ ಇದಕ್ಕಿಂತ ಚಲೋ ಮಾಡ್ತಿದ್ದ."

ದುರ್ಗಾ ತಿರುಗಲಿಲ್ಲ. "ಇದು ನಾ ಮಾಡಿದ್ದು" ಎಂದಳು.

ಅವನಿಗೆ ಅರ್ಥವಾಗಲಿಲ್ಲ.

"ಈ ಜೋಡು, ಈ ಕೆಳಗಿಂದು, ಎಲ್ಲಾ ನಂದ. ಅವರಿಗೆ ಆಗ ನಿಲ್ಲಾಕ ಆಗತಿದ್ದಿಲ್ಲ. ಕುರ್ಚಿ ಹಾಕ್ಕೊಂಡು ಅಲ್ಲೆ ಕುಂತು ಹೇಳತಿದ್ರು, ನಾ ಮಾಡತಿದ್ದೆ. ನನ್ನ ಕೈ ಸೋತು ಸೋತು ಹೋಗತಿತ್ತು. ಪುಟ್ಟಿ ಎಳದಂಗ ಎಳದಂಗ ಇನ್ನಷ್ಟ ಕೆಡ್ತಿತ್ತು. ಕಡೀಕ ನಾ ಸಿಟ್ಟಿಗೆದ್ದು ತಗಡು ಒಗದು ಅತ್ತಬಿಟ್ಟೆ." ಅವಳು ಬೆರಳಿನ ಗುರುತಿನಲ್ಲಿ ತನ್ನ ಬೆರಳಿಟ್ಟಳು, ಅದು ಸರಿಯಾಗಿ ಕೂತಿತು. "ನಕ್ಕಬಿಟ್ರು. ಇರಲಿ ಬಿಡು, ಇದನ್ನ ಯಾರಿಗೂ ತೋರಸೂದು ಬ್ಯಾಡ ಅಂದ್ರು. ಮರುದಿನ ಗೆಳ್ಯಾನ ಕಡಿಂದ ಈ ಕಾಗದ ತರಿಸಿದ್ರು. ಹಚ್ಚೂವಾಗ ಮಾತ್ರ ತಾವ ಎದ್ದು ನಿಂತಿದ್ರು. ಅದ ಕಡೀ ಕೆಲಸ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಅವನನ್ನು ಚುಚ್ಚುವುದೂ ಇರಲಿಲ್ಲ. ಕೇಳಿದ್ದಕ್ಕೆ ಹೇಳಿದಂತೆ ಹೇಳಿ, ಚೀಲ ಇಳಿಸಿ, ಮುಖ ತೊಳೆಯಲು ಹಿತ್ತಲಿಗೆ ಹೋದಳು. ಅಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು.

ಫಕೀರೇಶ ಗೋಡೆಯ ಮುಂದೆ ನಿಂತ. ಈ ತನಕ ಅವನು ಅಸೂಯೆಪಟ್ಟದ್ದು ಒಬ್ಬ ಕುಶಲಕರ್ಮಿಯ ಮೇಲೆ. ಅಂಥವನನ್ನು ಎಲ್ಲಿಯಾದರೂ ಒಂದು ಕಡೆ ಸೋಲಿಸಬಹುದು, ಇವತ್ತು ಸೋಲಿಸಿದೆನೆಂದೇ ಅಂದುಕೊಂಡಿದ್ದ. ಈಗ ಎದುರಿಗಿದ್ದವನು ಬೇರೆ: ಕುರ್ಚಿಯಲ್ಲಿ ಕೂತ ಸಾಯುವ ಮನುಷ್ಯ, ಅಳುವ ಹೆಂಡತಿಯನ್ನು ನೋಡಿ ನಕ್ಕವನು, ಅವಳ ಸೊಟ್ಟ ಕೈಗೆಲಸ ಯಾರಿಗೂ ಕಾಣದಿರಲೆಂದು ಕೊನೆಯ ಶಕ್ತಿಯಲ್ಲಿ ಎದ್ದು ನಿಂತು ಬಳ್ಳಿ ಹಬ್ಬಿಸಿದವನು. ಊರೆಲ್ಲ ತನ್ನ ಕೈಯನ್ನು ಹೊಗಳುವಾಗ ಸುಮ್ಮನಿದ್ದವನು. ಅವನು ಮುಚ್ಚಿದ್ದನ್ನು ತಾನು ಇಡೀ ದಿನ ಬೆಚ್ಚಗಿನ ನೀರು ಹಾಕಿ, ಒಂದು ಗೀರೂ ಬೀಳದಂತೆ, ಜೋಪಾನವಾಗಿ ಬಿಚ್ಚಿ, ಒರೆಸಿ, ಅವನ ತಾಯಿಗೂ ಅವಳಿಗೂ ಕರೆದು ತೋರಿಸಿದೆ. ತಾಯವ್ವನಿಗೆ ಗೊತ್ತಿತ್ತು. ಅದಕ್ಕೇ ಕಣ್ಣು ಮಂಜಾದದ್ದು. ದುರ್ಗಾ ತನ್ನೆದುರು ಎಂದಾದರೂ ಏನನ್ನಾದರೂ ಕೆಡಿಸಿ ಅತ್ತಿದ್ದಾಳೆಯೇ? ತನ್ನ ಮುಂದೆ ಅವಳು ಎಲ್ಲವನ್ನೂ ನೆಟ್ಟಗೆ ಮಾಡುತ್ತಾಳೆ, ಬಕೆಟ್ಟನ್ನು ಕೂಡ ತಾನೇ ಎತ್ತುತ್ತಾಳೆ. ಕೆಡಿಸಿದರೆ ಮುಚ್ಚುವವನು ಇವನಲ್ಲ ಎಂದು ಅವಳಿಗೆ ಮೂರು ವರ್ಷದಲ್ಲಿ ತಿಳಿದಿರಬೇಕು. ಈ ವಿಚಾರ ಬಂದದ್ದೇ, ಯಾರನ್ನು ಹೊಡೆಯುತ್ತಿದ್ದೇನೆಂದು ತಿಳಿಯದೆ, ಮುಷ್ಟಿ ಬಿಗಿದು ಆ ಜೋಡಿನ ಪಕ್ಕಕ್ಕೆ ಹೊಡೆದ.

ಗೋಡೆ ಎದುರು ನಿಲ್ಲುತ್ತದೆಂದು ಅವನು ತಿಳಿದಿದ್ದ. ದಿನವೆಲ್ಲ ನೆನೆದಿದ್ದ ಬೋರ್ಡು ರೊಟ್ಟಿಯಂತೆ ಒಡೆಯಿತು. ಕೈ ಮೊಳಕೈಯ ತನಕ ಆಚೆಗೆ ಹೋಗಿ, ಸೀಳಿದ ಬೋರ್ಡಿನ ಚೂಪು ಅಂಚುಗಳು ತೋಳನ್ನು ಸುತ್ತ ಕಚ್ಚಿಕೊಂಡವು. ಹಿಂದಕ್ಕೆಳೆದರೆ ಇನ್ನೂ ಕಚ್ಚಿತು. ಆಚೆ ಏನೋ ಬಿದ್ದ ಸದ್ದು, ಬಹುಶಃ ಚೌಕಟ್ಟಿಗೆ ಸಿಗಿಸಿದ್ದ ಬಾಚಣಿಗೆ. ಆಮೇಲೆ ಸದ್ದಿಲ್ಲ. ಅವನು ಕೆನ್ನೆಯನ್ನು ಒದ್ದೆ ಬೋರ್ಡಿಗೆ ಒತ್ತಿ ನಿಂತುಕೊಂಡ. ಕಾಣದ ಕಡೆ ತನ್ನ ಕೈ ಗಾಳಿಯಲ್ಲಿ ತೂಗುತ್ತಿದೆ, ಬೆರಳುಗಳು ತೆರೆದುಕೊಂಡಿವೆ. ಆ ಕೈಯನ್ನು ಯಾರಾದರೂ ನೋಡುತ್ತಿರಬಹುದೆಂದು ಅವನಿಗೆ ಸಾಯುವಷ್ಟು ನಾಚಿಕೆಯಾಯಿತು.

ಆಮೇಲೆ ಒಣಗಿದ, ಬಿರುಸಾದ ಎರಡು ಕೈಗಳು ಅವನ ಕೈಯನ್ನು ಹಿಡಿದವು.

"ಜಗ್ಗಬ್ಯಾಡ" ಎಂದಳು ತಾಯವ್ವ ಆಚೆಯಿಂದ. ಬೋರ್ಡಿನ ಮೂಲಕ ದನಿ ಕಿವಿಯ ಹತ್ತಿರವೇ ಬಂತು. "ರಕ್ತ ಬರಾಕ್ಹತ್ತೈತಿ. ಸಡ್ಲ ಬಿಡು, ಸಡ್ಲ ಬಿಡು." ಸೀರೆಯ ಸೆರಗಿನಿಂದ ಅವಳು ಗೆಣ್ಣುಗಳನ್ನು ಒತ್ತಿ ಒರೆಸಿದಳು. ಒಂದು ಕೈಯಿಂದ ಅವನ ಬೆರಳುಗಳನ್ನು ಹಿಡಿದುಕೊಂಡು, ಇನ್ನೊಂದರಿಂದ ತೋಳಿನ ಸುತ್ತಲಿನ ಅಂಚನ್ನು ಚೂರು ಚೂರೇ ಮುರಿದು ತೆಗೆಯತೊಡಗಿದಳು. ಸುಣ್ಣದ ಪುಡಿ ಉದುರುವ ಸಣ್ಣ ಸದ್ದು ಅವನಿಗೆ ಕೇಳಿತು.

ಬೆನ್ನ ಹಿಂದೆ ಹೆಜ್ಜೆಯ ಸಪ್ಪಳವಾಯಿತು. ದುರ್ಗಾ ಒದ್ದೆ ಮುಖದಲ್ಲಿ ಬಾಗಿಲಲ್ಲಿ ನಿಂತಿರಬೇಕು. ಅವನು ತಿರುಗಿ ನೋಡುವಂತಿರಲಿಲ್ಲ.

"ನನ್ನದು ತಪ್ಪಾತು" ಎಂದ ಗೋಡೆಗೆ. ದನಿ ಪಿಸುಮಾತಾಗಿರಲಿಲ್ಲ, ಒಡೆದಿತ್ತು. ಇಬ್ಬರಲ್ಲಿ ಯಾರಿಗೆ ಹೇಳಿದೆನೆಂದು ಅವನಿಗೂ ಸ್ಪಷ್ಟವಿರಲಿಲ್ಲ.

ದುರ್ಗಾ ಹತ್ತಿರ ಬಂದಳು. ಸ್ಟೂಲನ್ನು ಕಾಲಿನಿಂದ ಅವನ ಪಕ್ಕಕ್ಕೆ ಸರಿಸಿ, ಉಸ್ಸೆಂದು ಕೂತಳು. ಸೊಂಟ ಒತ್ತಿಕೊಳ್ಳುತ್ತ, "ನನಗ ಸೊಂಟ ಹಿಡದೈತ್ರಿ ಮುಂಜಾನಿಂದ. ಆ ಬಕೆಟ್ಟ ಎತ್ತಬಾರದಾಗಿತ್ತು" ಎಂದಳು. ಅದನ್ನು ಅವಳು ದೂರಿನಂತೆಯೂ ಹೇಳಲಿಲ್ಲ, ಸಮಾಧಾನದಂತೆಯೂ ಹೇಳಲಿಲ್ಲ. ಅವನು ಖಾಲಿಯಿದ್ದ ಎಡಗೈಯನ್ನು ಹಿಂದಕ್ಕೆ ಚಾಚಿ ತಡಕಿದ. ಅವಳ ಹೆಗಲು ಸಿಕ್ಕಿತು. ಅವಳು ಅದನ್ನು ಸರಿಸಲಿಲ್ಲ, ಅದರ ಮೇಲೆ ತನ್ನ ಕೈಯನ್ನೂ ಇಡಲಿಲ್ಲ.

"ಈಗ ತಗೀ, ಬರ್ತೈತಿ" ಎಂದಳು ತಾಯವ್ವ. ಅಂಚು ಬಿಟ್ಟಿತ್ತು. ಕೈ ಹಿಂದಕ್ಕೆಳೆದುಕೊಳ್ಳಬಹುದಿತ್ತು. ಫಕೀರೇಶ ಎಳೆದುಕೊಳ್ಳಲಿಲ್ಲ. ಆಚೆ ಕಡೆ ಮುದುಕಿ ಅವನ ಬೆರಳುಗಳನ್ನು ಇನ್ನೂ ಹಿಡಿದೇ ಇದ್ದಳು, ಒಂದೊಂದನ್ನೇ ನೀವುತ್ತ, ಸುಣ್ಣದ ಪುಡಿ ಒರೆಸುತ್ತ. ಅದನ್ನು ಯಾರ ಕೈಯೆಂದುಕೊಂಡು ಹಿಡಿದಿದ್ದಾಳೆ ಎಂದು ಕೇಳಬೇಕೆಂದು ಅವನ ಬಾಯಿ ತನಕ ಬಂತು. ಕೇಳಿದರೆ ಅವಳು ಬಿಟ್ಟುಬಿಡಬಹುದು ಎನ್ನಿಸಿ ಸುಮ್ಮನಾದ.